ನಿಜೋ ಅರಮನೆಯಲ್ಲಿ ಎಲೆ ಉದುರುವ ಕಾಲ

ಜಪಾನಿನ ಹಳೆಯ ರಾಜಧಾನಿಯಾದ ಕ್ಯೋಟೋದಲ್ಲಿ, ಬಸ್ಸುಗಳೂ ಸೈಕಲ್ಲುಗಳೂ ಎಡೆಬಿಡದೆ ಓಡಾಡುವ ಹೊರಿಕಾವ ರಸ್ತೆಯ ಅಂಚಿನಲ್ಲಿಯೇ, ನೀರು ತುಂಬಿದ ಕಂದಕವೂ ಅದರಾಚೆ ಬೂದು ಬಣ್ಣದ ಕಲ್ಲುಗೋಡೆಯೂ ಕಾಣುತ್ತವೆ. ಅದು ನಿಜೋ ಕೋಟೆ. ಕೋಟೆಯೆಂದೊಡನೆ ಚಿತ್ರದುರ್ಗವನ್ನು ಕಣ್ಣ ಮುಂದೆ ತಂದುಕೊಳ್ಳುವ ನಮ್ಮಂಥವರಿಗೆ ಇದು ಕೋಟೆಯೆಂದು ಮೊದಲಿಗೆ ತೋರುವುದೇ ಇಲ್ಲ. ಬೆಟ್ಟವಿಲ್ಲ, ಬಂಡೆಯಿಲ್ಲ, ಏಳು ಸುತ್ತಿನ ಮಾತಂತೂ ದೂರ. ಸಮತಟ್ಟಾದ ಊರ ನೆಲದಲ್ಲಿ, ಪೂರ್ವ ಪಶ್ಚಿಮವಾಗಿ ಸುಮಾರು 500 ಮೀಟರು, ಉತ್ತರ ದಕ್ಷಿಣವಾಗಿ ಸುಮಾರು 400 ಮೀಟರು ವಿಸ್ತಾರದ ಒಂದು ಚೌಕ, ಅಷ್ಟೇ. ಶತ್ರುವನ್ನು ಹೊರಗಿಡುವುದಕ್ಕಿಂತ, ಒಳಗೆ ಕರೆಸಿಕೊಂಡವನು ತಲೆ ತಗ್ಗಿಸುವಂತೆ ಮಾಡಲು ಇದನ್ನು ಕಟ್ಟಿದರೆಂಬುದು ಹೆಬ್ಬಾಗಿಲು ದಾಟಿದ ಮೇಲೆ ತಿಳಿಯುತ್ತದೆ.

ನಾವು ಹೋದುದು 2024ರ ನವೆಂಬರ್ ತಿಂಗಳ ಕೊನೆಯ ವಾರದಲ್ಲಿ. ಭಾವಮೈದುನ ಒಸಾಕಾದಲ್ಲಿ ಉದ್ಯೋಗದಲ್ಲಿರುವುದರಿಂದ ಒದಗಿದ ಯೋಗ ಇದು. ಇಲ್ಲದಿದ್ದರೆ ಗುಮಾಸ್ತೆಯ ಸಂಬಳದಲ್ಲಿ ಜಪಾನೆಲ್ಲಿ, ನಾವೆಲ್ಲಿ! ಒಸಾಕಾದಿಂದ ಕ್ಯೋಟೋಗೆ ವೇಗದ ರೈಲಿನಲ್ಲಿ ಅರ್ಧ ಗಂಟೆ. ಕ್ಯೋಟೋದಲ್ಲಿ ನೆಲದಡಿಯ ರೈಲಿಗೆ ಕೋಟೆಯ ಹೆಸರಿನದೇ ಒಂದು ನಿಲ್ದಾಣವಿದೆ. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಚಪಾತಿ ಪಲ್ಯವನ್ನು ಕಂದಕದ ದಂಡೆಯಲ್ಲಿ ಕುಳಿತು ಮುಗಿಸಿ, ತಲಾ 1,300 ಯೆನ್ ಕೊಟ್ಟು ಒಳಗೆ ಹೊಕ್ಕೆವು. ಸಸ್ಯಾಹಾರಿಗಳಿಗೆ ಒಂದು ಮಾತು: ಆ ದೇಶದಲ್ಲಿ ಬರಿಯ ತರಕಾರಿಯ ಸಾರಿನಲ್ಲಿಯೂ ಒಣ ಮೀನಿನ ರಸವಿರುವುದು ಸಾಮಾನ್ಯ. ಬುತ್ತಿ ಕೈಯಲ್ಲಿದ್ದರೆ ಮನಸ್ಸಿಗೆ ನೆಮ್ಮದಿ.

ಅರಮನೆಯ ಕಥೆ ತಿಳಿಯಬೇಕಾದರೆ ಆ ದೇಶದ ಹಳೆಯ ಆಡಳಿತದ ಒಂದು ವಿಚಿತ್ರವನ್ನು ಮೊದಲು ಹೇಳಬೇಕು. ಚಕ್ರವರ್ತಿ ಕ್ಯೋಟೋದಲ್ಲಿರುತ್ತಿದ್ದ, ಪೂಜ್ಯತೆಯೆಲ್ಲ ಅವನದು. ಖಡ್ಗವೂ ಖಜಾನೆಯೂ ಶೋಗುನ್ ಎಂಬ ದಂಡನಾಯಕನ ಕೈಯಲ್ಲಿ. ಸಾತಾರೆಯಲ್ಲಿ ಛತ್ರಪತಿ, ಪುಣೆಯಲ್ಲಿ ಪೇಶ್ವೆ ಇದ್ದಂತೆ. ಮೈಸೂರಿನಲ್ಲಿ ದಳವಾಯಿಗಳ ಕಾಲವನ್ನು ನೆನೆದರೂ ಆದೀತು. 1603ರಲ್ಲಿ ಶೋಗುನ್ ಪದವಿ ಪಡೆದ ತೊಕುಗಾವ ಇಯೆಯಾಸು, ಇಂದು ಟೋಕಿಯೋ ಎನಿಸಿಕೊಂಡಿರುವ ಎಡೋದಲ್ಲಿ ರಾಜ್ಯಭಾರ ಹೂಡಿದ. ಕ್ಯೋಟೋಗೆ ಬಂದಾಗ ಇಳಿದುಕೊಳ್ಳಲು, ಚಕ್ರವರ್ತಿಯ ಅರಮನೆಗೆ ಕೂಗಳತೆ ದೂರದಲ್ಲಿ, ಅದೇ ವರ್ಷ ಈ ಕೋಟೆಯನ್ನು ಕಟ್ಟಿಸಿದ. ಇಳಿದುಕೊಳ್ಳುವುದು ಒಂದು ನೆಪ. ಇಲ್ಲಿ ನಾನಿದ್ದೇನೆ ಎಂದು ಚಕ್ರವರ್ತಿಯ ಪರಿವಾರಕ್ಕೆ ತೋರಿಸುವುದು ಉದ್ದೇಶ. ಮೊಮ್ಮಗ ಇಯೆಮಿತ್ಸುವಿನ ಕಾಲದಲ್ಲಿ, 1626ರಲ್ಲಿ, ಅರಮನೆ ಈಗಿನ ರೂಪಕ್ಕೆ ಬಂದಿತು. ಆ ವರ್ಷದ ಶರತ್ಕಾಲದಲ್ಲಿ ಗೊಮಿಜುನೊ ಚಕ್ರವರ್ತಿಯೇ ಇಲ್ಲಿಗೆ ಅತಿಥಿಯಾಗಿ ಬಂದು ಐದು ದಿನ ತಂಗಿದ್ದ.

ಕರಾಮೊನ್ ಎಂಬ ಒಳಬಾಗಿಲಿನಲ್ಲಿ ನಾವು ಬಹಳ ಹೊತ್ತು ನಿಂತೆವು. ಕೊಕ್ಕರೆ, ಪೈನ್, ಬಿದಿರು, ಚಿನ್ನದ ತಗಡು, ಬಣ್ಣಬಣ್ಣದ ಕೆತ್ತನೆ: ನಮ್ಮ ದೇವಸ್ಥಾನಗಳ ಗೋಪುರ ಕಂಡ ಕಣ್ಣಿಗೂ ಅದು ಸ್ವಲ್ಪ ಹೆಚ್ಚೆನಿಸಿತು. ಜಪಾನೀಯರದು ಸರಳತೆಯ ಸೌಂದರ್ಯವೆಂದು ಓದಿಕೊಂಡು ಹೋದವರು ಇಲ್ಲಿ ಕಕ್ಕಾಬಿಕ್ಕಿಯಾಗುತ್ತಾರೆ. ಅಧಿಕಾರ ಬಂದಾಗ ಸರಳತೆ ಎಲ್ಲ ದೇಶದಲ್ಲಿಯೂ ಹಿತ್ತಲ ಬಾಗಿಲಿನಿಂದ ಹೊರಟುಹೋಗುವುದೆಂದು ಕಾಣುತ್ತದೆ.

ಒಳಗಿರುವ ನಿನೋಮಾರು ಅರಮನೆ ಪೂರ್ತಿ ಮರದ್ದು. ಆರು ಕಟ್ಟಡಗಳು ಒಂದರ ಹಿಂದೆ ಒಂದು ಓರೆಯಾಗಿ, ಹಾರುವ ಹಕ್ಕಿಗಳ ಸಾಲಿನಂತೆ ಜೋಡಿಸಿಕೊಂಡಿವೆ. ಕೋಣೆಗಳು 33, ನೆಲಕ್ಕೆ ಹಾಸಿದ ತತಾಮಿ ಚಾಪೆಗಳು 800ಕ್ಕೂ ಹೆಚ್ಚು. ಪಾದರಕ್ಷೆಗಳನ್ನು ಹೊರಗೆ ಬಿಡಬೇಕು. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಅದೂ ಒಳ್ಳೆಯದೇ ಆಯಿತು. ಫೋನು ಜೇಬಿಗೆ ಸೇರಿತು, ನಾವು ಕಣ್ಣಿನಿಂದ ನೋಡಿದೆವು.

ಹಜಾರದ ಹಲಗೆಯ ಮೇಲೆ ಕಾಲಿಟ್ಟೊಡನೆ ಚಿಲಿಪಿಲಿ ಸದ್ದು ಎದ್ದಿತು. ಇದೇ ಪ್ರಸಿದ್ಧವಾದ ಹಾಡುವ ನೆಲ. ಉಗುಯಿಸು ಎಂಬ ಸಣ್ಣ ಹಕ್ಕಿಯ ಹೆಸರನ್ನು ಇದಕ್ಕಿಟ್ಟಿದ್ದಾರೆ. ರಾತ್ರಿ ಕಳ್ಳನೋ ಕೊಲೆಗಾರನೋ ನುಸುಳಿದರೆ ನೆಲವೇ ಕೂಗಿ ಹೇಳಲೆಂದು ಬೇಕೆಂದೇ ಹೀಗೆ ಮಾಡಿದರೆಂಬ ಕಥೆಯನ್ನು ಪ್ರವಾಸದ ಪುಸ್ತಕಗಳೆಲ್ಲ ಹೇಳುತ್ತವೆ. ಆದರೆ ಅಲ್ಲಿಯೇ ಹಾಕಿರುವ ಫಲಕ ಬೇರೆಯೇ ಮಾತು ಹೇಳುತ್ತದೆ: ಹಲಗೆಯನ್ನು ತೊಲೆಗೆ ಹಿಡಿದಿಟ್ಟಿರುವ ಕಬ್ಬಿಣದ ಹಿಡಿಕೆಗಳು ವರ್ಷಗಟ್ಟಲೆ ಸವೆದು ಸಡಿಲಗೊಂಡು, ನಡೆದಾಗ ಮೊಳೆಗೆ ಉಜ್ಜಿಕೊಳ್ಳುವುದರಿಂದ ಈ ಸದ್ದು. ಅಂದರೆ ನಮ್ಮ ಕಡೆಯ ಹಳೆಯ ಅಟ್ಟ ಕಿರುಗುಟ್ಟುವಂತೆಯೇ, ಇದೂ ವಯಸ್ಸಿನ ದನಿ. ಇಷ್ಟು ಚೆಂದದ ಕಥೆಯನ್ನು ತಾವೇ ಅಲ್ಲಗಳೆದು ಫಲಕ ಹಾಕಿದವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಹತ್ತು ವರ್ಷದ ನಮ್ಮ ಮಗಳಿಗೆ ಮಾತ್ರ ಅದು ಸಮ್ಮತವಾಗಲಿಲ್ಲ. ಸದ್ದು ಮಾಡದೆ ದಾಟುವುದು ಹೇಗೆಂದು ಪರೀಕ್ಷಿಸುತ್ತಾ, ತುದಿಗಾಲಲ್ಲಿ ಅರಮನೆಯನ್ನೆಲ್ಲ ಸುತ್ತಿದಳು. ನೆಲ ಅವಳನ್ನು ಒಮ್ಮೆಯೂ ಬಿಟ್ಟುಕೊಡಲಿಲ್ಲ.

ಮೊದಲನೆಯ ಕಟ್ಟಡ ಬಂದವರು ಕಾದು ಕುಳಿತುಕೊಳ್ಳುವ ಜಾಗ. ಎಲ್ಲಕ್ಕಿಂತ ದೊಡ್ಡದು ಇದೇ. ಕಾಯುವವರ ಸಂಖ್ಯೆ ಯಾವಾಗಲೂ ದೊಡ್ಡದಲ್ಲವೆ! ಗೋಡೆಯ ತುಂಬ ಚಿನ್ನದ ಹಿನ್ನೆಲೆಯ ಮೇಲೆ ಬಿದಿರು ಮೆಳೆ, ಅದರಲ್ಲಿ ಹುಲಿಗಳು. ಚಿತ್ರಕಾರರು ಜೀವಂತ ಹುಲಿಯನ್ನು ಕಂಡವರಲ್ಲ. ಆ ದೇಶದಲ್ಲಿ ಹುಲಿಯಿಲ್ಲ. ಹಡಗಿನಲ್ಲಿ ಬಂದ ಚರ್ಮವನ್ನು ನೋಡಿ ಬರೆದರು. ಚಿರತೆಯನ್ನು ಹೆಣ್ಣುಹುಲಿಯೆಂದು ತಿಳಿದು ಜೊತೆಯಲ್ಲಿ ಅದನ್ನೂ ಬರೆದರು. ನಾಗರಹೊಳೆ, ಬಂಡೀಪುರಗಳ ಕಡೆಯವರಾದ ನಮಗೆ ಅವುಗಳ ಕಣ್ಣಿನಲ್ಲಿ ಏನೋ ಬೆಕ್ಕಿನ ಕಳೆ ಕಂಡಿತು. ಆದರೆ ದೂರದ ಸಂಸ್ಥಾನದಿಂದ ಬಂದು, ಒಳಗಿನಿಂದ ಯಾವಾಗ ಕರೆ ಬರುವುದೋ ಎಂದು ಗಂಟೆಗಟ್ಟಲೆ ಮೊಣಕಾಲೂರಿ ಕುಳಿತವನಿಗೆ ಅವು ಬೆಕ್ಕಿನಂತೆ ಕಂಡಿರಲಾರವು.

ಅದೇ ಕಟ್ಟಡದಲ್ಲಿ ಚಕ್ರವರ್ತಿಯ ದೂತರನ್ನು ಬರಮಾಡಿಕೊಳ್ಳುತ್ತಿದ್ದ ಒಂದು ಕೋಣೆಯುಂಟು. ಇಲ್ಲಿ ಮಾತ್ರ ದೂತನಿಗೆ ಮೇಲಿನ ಪೀಠ, ಶೋಗುನ್‌ಗೆ ಕೆಳಗಿನದು. ಬೇರೆಲ್ಲ ಕಡೆಗಳಲ್ಲಿ ಗರ್ಜಿಸುವ ಅರಮನೆ ಇಲ್ಲಿ ಒಂದು ಮೆಟ್ಟಿಲು ಇಳಿಯುತ್ತದೆ. ಆ ಗೋಡೆಯ ಮೇಲೆ ಬರೆದಿರುವುದು ಮೇಪಲ್ ಮರ, ಎಲೆಗಳೆಲ್ಲ ಹಸುರು. ಹೊರಗೆ ಊರಿಗೂರೇ ಕೆಂಪಾಗಿರುವಾಗ ಈ ಹಸುರು ನೋಡಿ ನಮಗೆ ವಿಚಿತ್ರವೆನಿಸಿತು.

ಮುಂದಿನದು ದೊಡ್ಡ ಸಭಾಶಾಲೆ. ಮೇಲಿನ ಕೋಣೆಗೆ 48 ಚಾಪೆ, ಒಂದು ಮೆಟ್ಟಿಲು ಕೆಳಗಿರುವ ಎರಡನೆಯದಕ್ಕೆ 44. ಮೇಲೆ ಶೋಗುನ್ ಕುಳಿತರೆ ಕೆಳಗೆ ಸಂಸ್ಥಾನಾಧಿಪತಿಗಳು ತಲೆಬಾಗಿ ಸಾಲಾಗಿ ಕುಳಿತುಕೊಳ್ಳುತ್ತಿದ್ದರು. ಅವನ ಪಕ್ಕದಲ್ಲಿ ಕೆಂಪು ಕುಚ್ಚು ಇಳಿಬಿಟ್ಟ ಬಾಗಿಲು. ಅದರ ಹಿಂದೆ ಅಂಗರಕ್ಷಕರು. ಗೋಡೆಯ ಮೇಲೆ ಕಾನೊ ತನ್ಯು ಮತ್ತು ಅವನ ಮನೆತನದವರು ಬರೆದ ಭಾರಿ ಪೈನ್ ಮರಗಳು. ಆಗ ತನ್ಯುವಿನ ವಯಸ್ಸು ಇಪ್ಪತ್ತೈದರ ಆಸುಪಾಸು! ಕೊಂಬೆಗಳು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಚಾಚುತ್ತವೆ. ಪೈನ್ ಎಲೆ ಉದುರಿಸಿ ಬೋಳಾಗುವ ಮರವಲ್ಲ, ಚಳಿಗಾಲದಲ್ಲಿಯೂ ಹಸುರು. ನಮ್ಮ ಮನೆತನ ಹೀಗೆಯೇ ಎಂದೆಂದಿಗೂ ಇರುತ್ತದೆ ಎಂಬ ಸಂದೇಶವನ್ನು ಬಾಯಿ ತೆರೆದು ಹೇಳುವ ಅಗತ್ಯವಿರಲಿಲ್ಲ. ಬಾಗಿಲ ಮೇಲಿನ ಕೆತ್ತನೆಯನ್ನಂತೂ ಮರೆಯುವಂತಿಲ್ಲ: ಸುಮಾರು 35 ಸೆಂಟಿಮೀಟರು ದಪ್ಪದ ಒಂದೇ ಮರದ ತುಂಡು; ಈ ಕಡೆಯಿಂದ ನೋಡಿದರೆ ಒಂದು ಚಿತ್ರ, ಆ ಕಡೆಯಿಂದ ನೋಡಿದರೆ ಬೇರೆ.

ಒಳಗೊಳಗೆ ಹೋದಂತೆ ಅಬ್ಬರ ಇಳಿಯುತ್ತದೆ. ಮನೆತನದ ಹಳೆಯ ಆಪ್ತ ಸಾಮಂತರನ್ನು ಕಾಣುತ್ತಿದ್ದ ಕಟ್ಟಡದಲ್ಲಿ ಚೆರಿ ಹೂವು, ಸೇವಂತಿಗೆ. ಕೊನೆಯದು ಶೋಗುನ್‌ನ ಸ್ವಂತ ವಾಸದ ಮನೆ. ಅಲ್ಲಿ ಚಿನ್ನದ ಝಗಝಗವಿಲ್ಲ, ಮಸಿಯಲ್ಲಿ ಬರೆದ ಬೆಟ್ಟ, ನೀರು, ನಿದ್ದೆ ಮಾಡುವ ಗುಬ್ಬಚ್ಚಿ. ಪರರಿಗೆ ಹುಲಿ, ತನಗೆ ಗುಬ್ಬಚ್ಚಿ! ಯಾರು ಎಲ್ಲಿಯವರೆಗೆ ಬರಬಹುದೆಂಬುದು ಆ ಕಾಲದಲ್ಲಿ ಗೆರೆ ಎಳೆದಂತೆ ನಿಶ್ಚಯವಾಗಿದ್ದಿತು. ಹೊರಗಿನ ಸಂಸ್ಥಾನದ ದೊರೆಗೆ ಜೀವಮಾನವಿಡೀ ಈ ಗುಬ್ಬಚ್ಚಿ ಕಂಡಿರಲಾರದು. ನಾವು ಕಾಲುಚೀಲದಲ್ಲಿ ಅಲ್ಲಿಯವರೆಗೂ ನಡೆದುಹೋದೆವು. ಯಾರೂ ಚೀಟಿ ಕೇಳಲಿಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಅರಮನೆಯ ಭಿತ್ತಿಚಿತ್ರಗಳು ಸುಮಾರು 3,600. ಅವುಗಳಲ್ಲಿ ಒಂದು ಸಾವಿರಕ್ಕೂ ಮಿಕ್ಕಿದವು ರಾಷ್ಟ್ರದ ರಕ್ಷಿತ ಆಸ್ತಿ. ಬೆಳಕು, ತೇವಗಳಿಂದ ಅವು ಹಾಳಾಗಬಾರದೆಂದು 1972ರಿಂದ ಒಂದೊಂದಾಗಿ ಕೈಯಿಂದಲೇ ನಕಲು ಬರೆಸಿ, ನಕಲನ್ನು ಕೋಣೆಯಲ್ಲಿಟ್ಟು, ಮೂಲವನ್ನು ಪಕ್ಕದ ಸಂಗ್ರಹಶಾಲೆಗೆ ಒಯ್ಯುತ್ತಿದ್ದಾರೆ. ಸಂಗ್ರಹಶಾಲೆಯಲ್ಲಿ ಸರದಿಯ ಮೇಲೆ ಮೂಲ ಚಿತ್ರಗಳನ್ನು ತೋರಿಸುತ್ತಾರೆ. ಮೂಲಕ್ಕೆ ಸರಿಯಾದ ನಕಲು ಎಂದು ಮೊಹರು ಒತ್ತುವುದರಲ್ಲಿಯೇ ದಿನ ಕಳೆಯುವ ನಮ್ಮಂಥವರು ಈ ನಕಲುಗಾರರಿಗೆ ಕೈಮುಗಿಯಬೇಕು.

ಇಷ್ಟೆಲ್ಲ ಕಟ್ಟಿಸಿ ಆದುದೇನು? 1634ರಲ್ಲಿ ಇಯೆಮಿತ್ಸು ಸುಮಾರು 3 ಲಕ್ಷ ಜನರ ಪರಿವಾರದೊಡನೆ ಕ್ಯೋಟೋಗೆ ಬಂದುಹೋದ. ಆಮೇಲೆ ಯಾವ ಶೋಗುನ್ ಕೂಡ ಇಲ್ಲಿಗೆ ಬರಲಿಲ್ಲ, 229 ವರ್ಷ! ಕಾವಲುಗಾರರು ಬದಲಾಗುತ್ತಾ ಹೋದರು, ಪೀಠ ಬರಿದಾಗಿಯೇ ಇದ್ದಿತು. 1750ರಲ್ಲಿ ಸಿಡಿಲು ಬಡಿದು ಐದಂತಸ್ತಿನ ಗೋಪುರ ಸುಟ್ಟುಹೋಯಿತು, ಮತ್ತೆ ಕಟ್ಟಲಿಲ್ಲ. 1788ರ ಊರ ಬೆಂಕಿಯಲ್ಲಿ ಒಳಕೋಟೆಯ ಅರಮನೆಯೂ ಹೋಯಿತು. ಮರದ ಅರಮನೆಗಳ ಹಣೆಬರಹವೇ ಅಷ್ಟು; ಮೈಸೂರಿನ ಹಳೆಯ ಅರಮನೆಯೂ 1897ರಲ್ಲಿ ಬೆಂಕಿಗೆ ಆಹುತಿಯಾದುದಲ್ಲವೆ?

ಮತ್ತೆ ಶೋಗುನ್ ಬಂದುದು 1863ರಲ್ಲಿ. ಆ ಹೊತ್ತಿಗೆ ಅಮೆರಿಕದ ಯುದ್ಧದ ಹಡಗುಗಳು ಬಂದು ಬಾಗಿಲು ತಟ್ಟಿ ಹತ್ತು ವರ್ಷವಾಗಿದ್ದಿತು, ದೇಶ ಅಲ್ಲೋಲಕಲ್ಲೋಲವಾಗಿದ್ದಿತು. ಹದಿನೈದನೆಯವನೂ ಕೊನೆಯವನೂ ಆದ ಯೋಶಿನೊಬು, 1867ರ ಶರತ್ಕಾಲದಲ್ಲಿ ಸುಮಾರು 40 ಸಂಸ್ಥಾನಗಳ ಪ್ರತಿನಿಧಿಗಳನ್ನು ಇದೇ ಅರಮನೆಗೆ ಕರೆಸಿ, ಅಧಿಕಾರವನ್ನು ಚಕ್ರವರ್ತಿಗೆ ಹಿಂದಿರುಗಿಸುವ ವಿಚಾರವನ್ನು ಅವರ ಮುಂದಿಟ್ಟ. ನವೆಂಬರ್ 9ರಂದು ಪತ್ರ ಸಲ್ಲಿಸಿದ. ಮರುದಿನವೇ ಒಪ್ಪಿಗೆ ಬಂದಿತು. ಕೊಟ್ಟವನಿಗೆ ಮೂವತ್ತು ವರ್ಷ, ಪಡೆದ ಮೇಜಿ ಚಕ್ರವರ್ತಿಗೆ ಹದಿನೈದು. 264 ವರ್ಷಗಳ ಆಳ್ವಿಕೆ ಒಂದು ಕಾಗದದಲ್ಲಿ ಮುಗಿಯಿತು.

ಇದನ್ನು ಬರಿಯ ತ್ಯಾಗವೆಂದು ಹೊಗಳಬೇಕಾಗಿಲ್ಲ. ಹೊಸ ಏರ್ಪಾಡಿನಲ್ಲಿಯೂ ಮುಖ್ಯ ಸ್ಥಾನ ತನಗೇ ದೊರೆಯುವುದೆಂಬ ಲೆಕ್ಕ ಅವನಿಗಿದ್ದಿತು. ಆ ಲೆಕ್ಕ ತಪ್ಪಿತು. 1868ರ ಜನವರಿಯಲ್ಲಿಯೇ ಕ್ಯೋಟೋದ ದಕ್ಷಿಣಕ್ಕೆ ಯುದ್ಧವಾಗಿ ಅವನ ಪಕ್ಷ ಸೋತಿತು. ಆಮೇಲೆ ಅವನು ದೀರ್ಘಕಾಲ ಬದುಕಿದ್ದ. ರಾಜಕೀಯದ ಗೊಡವೆಗೆ ಹೋಗದೆ ಛಾಯಾಚಿತ್ರ ತೆಗೆಯುತ್ತಾ, ಬೇಟೆಯಾಡುತ್ತಾ, ಸೈಕಲ್ ತುಳಿಯುತ್ತಾ ಇದ್ದು 1913ರಲ್ಲಿ ತೀರಿಕೊಂಡ. ಆ ಪೈನ್ ಮರಗಳ ಕೆಳಗೆ ನಿಂತಾಗ ನಮಗೆ ಹೆಚ್ಚು ನೆನಪಿಗೆ ಬಂದುದು ಆ ಸೈಕಲ್ಲೇ.

ಸುತ್ತು ಮುಗಿಸಿ ಹಿಂದಿನ ಹಜಾರದಲ್ಲಿ ಬರುವಾಗ ಮಂತ್ರಿಗಳು ಕೆಲಸ ಮಾಡುತ್ತಿದ್ದ ಕೋಣೆಗಳು ಸಿಕ್ಕುತ್ತವೆ. ಅಲ್ಲಿಯ ಅಲಂಕಾರ ಹಿತಮಿತ. ಗದ್ದೆಯ ಬಳಿ ಇಳಿದ ಬಾತುಗಳು, ಆಪು ಹುಲ್ಲು. ಕೆಲಸ ಮಾಡುವವರಿಗೆ ಇಷ್ಟು ಸಾಕೆಂದುಕೊಂಡರೋ ಏನೋ. 1871ರಲ್ಲಿ ಹೊಸ ಸರ್ಕಾರ ಕ್ಯೋಟೋ ಪ್ರಾಂತ್ಯದ ಕಛೇರಿಯನ್ನು ಈ ಅರಮನೆಯಲ್ಲಿಯೇ ತೆರೆಯಿತು. 1885ರವರೆಗೆ ಅದು ಇಲ್ಲಿಯೇ ನಡೆಯಿತು. ಹುಲಿಗಳ ಕೆಳಗೆ ಗುಮಾಸ್ತೆಗಳು! ಭಾವಮೈದುನ, “ಭಾವ, ನಿಮ್ಮನ್ನು ಇಲ್ಲಿಗೆ ವರ್ಗ ಮಾಡಿದ್ದರೆ ಬರುತ್ತಿದ್ದಿರಾ?” ಎಂದ. ಮನೆ ಬಾಡಿಗೆ ಭತ್ಯೆ ಎಷ್ಟೆಂದು ಮೊದಲು ತಿಳಿಯಬೇಕೆಂದೆವು. ಆ ಮೇಲೆ ಅರಮನೆ ರಾಜಮನೆತನಕ್ಕೆ ಸೇರಿತು; ತೊಕುಗಾವರ ಮೂರು ಎಲೆಯ ಲಾಂಛನವನ್ನು ತೆಗೆದು ಚಕ್ರವರ್ತಿಯ ಸೇವಂತಿಗೆಯನ್ನು ಕೂಡಿಸಿದರು. 1939ರಲ್ಲಿ ಕ್ಯೋಟೋ ನಗರಕ್ಕೆ ದಾನವಾಗಿ ಬಂದು, ಮರುವರ್ಷ ಸಾರ್ವಜನಿಕರಿಗೆ ತೆರೆಯಿತು. 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹೊರಗೆ ಬಂದರೆ ನಿನೋಮಾರು ಉದ್ಯಾನ. ಕೊಳದ ನಡುವೆ ಮೂರು ದ್ವೀಪಗಳು: ಒಂದು ಚಿರಂಜೀವಿಗಳ ಲೋಕ, ಒಂದು ಕೊಕ್ಕರೆ, ಒಂದು ಆಮೆ, ಎಲ್ಲವೂ ದೀರ್ಘಾಯುಷ್ಯದ ಗುರುತುಗಳು. 1626ರ ಚಕ್ರವರ್ತಿಯ ಭೇಟಿಗಾಗಿ ಕೊಬೊರಿ ಎನ್‌ಶೂ ಎಂಬವನ ಮೇಲ್ವಿಚಾರಣೆಯಲ್ಲಿ ಇದನ್ನು ತಿದ್ದಿದರು. ಇಲ್ಲಿ ಹೂವು ಕಡಮೆ, ಕಲ್ಲೇ ಮುಖ್ಯ. ಒಂದೊಂದು ಕಲ್ಲೂ ಪಾತ್ರಧಾರಿಯಂತೆ ತನ್ನ ಭಂಗಿಯಲ್ಲಿ ನಿಂತಿದೆ. ಎಲೆ ಉದುರುವುದು ಅಳಿವಿನ ನೆನಪು ತರುವುದೆಂದು ಹಿಂದೆ ಈ ತೋಟದಲ್ಲಿ ಅಂಥ ಮರ ನೆಡುತ್ತಿರಲಿಲ್ಲವೆಂದು ಹೇಳುವುದುಂಟು. ನಿಜವಿರಲಿ, ಇಲ್ಲದಿರಲಿ, ಅಲ್ಲಿ ನಿಂತಾಗ ನಂಬಬೇಕೆನಿಸುತ್ತದೆ.

ಒಳ ಕಂದಕದ ಸೇತುವೆ ದಾಟಿದರೆ ಹೊನ್ಮಾರು, ಅಂದರೆ ಒಳಕೋಟೆ. ಇಲ್ಲಿಯ ಅರಮನೆ ರಿಪೇರಿಗಾಗಿ ಬಹುಕಾಲ ಮುಚ್ಚಿದ್ದು, 2024ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆಯಿತು. ಪ್ರತ್ಯೇಕ ಚೀಟಿ, ಮುಂಗಡ ಕಾಯ್ದಿರಿಸುವಿಕೆ ಬೇಕು. ಭಾವಮೈದುನ ಅದನ್ನೆಲ್ಲ ಮೊದಲೇ ಮಾಡಿಟ್ಟಿದ್ದ. ಈ ಅರಮನೆಯೂ ನಮ್ಮ ಹಾಗೆ ವರ್ಗವಾಗಿ ಬಂದದ್ದು. ಮೊದಲು ಇದು ಚಕ್ರವರ್ತಿಯ ಅರಮನೆಯ ಆವರಣದಲ್ಲಿದ್ದ ಕತ್ಸುರ ಮನೆತನದ ಮನೆ. 1893–94ರಲ್ಲಿ ಬಿಚ್ಚಿ, ತಂದು, ಇಲ್ಲಿ ನಿಲ್ಲಿಸಿದರು. ನಿನೋಮಾರುವಿನ ಗತ್ತಿಲ್ಲ, ಜನ ಬಾಳಿದ ಮನೆಯೆಂದು ಕಂಡೊಡನೆ ತಿಳಿಯುತ್ತದೆ.

ಇಲ್ಲಿ ಬಾಳಿದವರಲ್ಲಿ ಕಜುನೊಮಿಯಾ ಎಂಬ ರಾಜಕುಮಾರಿ ಒಬ್ಬಳು. ಆಗಿನ ಚಕ್ರವರ್ತಿಯ ತಂಗಿ. ಚಿಕ್ಕಂದಿನಲ್ಲಿಯೇ ಬೇರೊಬ್ಬ ರಾಜಕುಮಾರನಿಗೆ ನಿಶ್ಚಯವಾಗಿದ್ದಳು. ಶೋಗುನ್‌ಗೂ ಚಕ್ರವರ್ತಿಗೂ ನಂಟು ಬೆಸೆದರೆ ದೇಶ ತಣ್ಣಗಾದೀತೆಂದು ಹಿರಿಯರು ಆ ನಿಶ್ಚಯ ಮುರಿದು, ಹದಿನಾಲ್ಕನೆಯ ಶೋಗುನ್ ಇಯೆಮೊಚಿಗೆ ಕೊಡುವುದೆಂದು ತೀರ್ಮಾನಿಸಿದರು. ಅವಳಿಗೆ ಇಷ್ಟವಿರಲಿಲ್ಲ. ಒಪ್ಪಿದಾಗ ಹಾಕಿದ ಷರತ್ತುಗಳಲ್ಲಿ ಒಂದು, ಎಡೋಗೆ ಹೋದ ಮೇಲೂ ತನ್ನ ಸುತ್ತ ಎಲ್ಲವೂ ಕ್ಯೋಟೋ ಅರಮನೆಯ ಪದ್ಧತಿಯಂತೆಯೇ ನಡೆಯಬೇಕೆಂಬುದು. ಹೊರಡುವ ಮುನ್ನ ಒಂದೂವರೆ ವರ್ಷಕ್ಕೂ ಮಿಕ್ಕಿ ಅವಳು ಈ ಮನೆಯಲ್ಲಿದ್ದಳು. 1861ರ ನವೆಂಬರಿನಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಬೆಟ್ಟದ ದಾರಿ ಹಿಡಿದು ಹೊರಟಳು. ಎಡೋ ತಲುಪಲು ಮೂರು ವಾರಕ್ಕೂ ಹೆಚ್ಚು ಹಿಡಿಯಿತು.

ಇದನ್ನು ಕೇಳಿ ನಮ್ಮ ಮನೆಯವರು ಮುಂದಿನ ಕೋಣೆಗೆ ಬರದೆ ಅಲ್ಲಿಯೇ ನಿಂತರು. ಮದುವೆಯಾಗಿ ಊರು ಬಿಟ್ಟು, ಬೇರೆ ಮಾತಿನ ಊರಿನಲ್ಲಿ ಒಲೆ ಹೂಡಿದ ಹೆಣ್ಣುಮಕ್ಕಳಿಗೆ ಆ ಷರತ್ತು ಇತಿಹಾಸದ ಮಾತಾಗಿ ಕೇಳುವುದಿಲ್ಲ. “ಅವಳ ಮಾತು ನಡೆಸಿಕೊಟ್ಟರೇ?” ಎಂದು ತಮ್ಮನನ್ನು ಕೇಳಿದರು. ಎಡೋದಲ್ಲಿ ಅತ್ತೆಗೂ ಅವಳಿಗೂ ಪದ್ಧತಿಗಳ ವಿಷಯದಲ್ಲಿಯೇ ಜಗಳವಾಯಿತಂತೆ. ಗಂಡನೊಡನೆ ಮಾತ್ರ ಪ್ರೀತಿಯಿದ್ದಿತು. ಅವನು 1866ರಲ್ಲಿ, ಇಪ್ಪತ್ತರ ವಯಸ್ಸಿಗೆ, ಒಸಾಕಾದಲ್ಲಿ ತೀರಿಕೊಂಡ. ಎರಡು ವರ್ಷದ ಮೇಲೆ ಚಕ್ರವರ್ತಿಯ ಸೈನ್ಯ ಎಡೋ ಮೇಲೆ ಏರಿ ಬಂದಾಗ ತವರಿನ ಕಡೆ ಸೇರುವುದು ಅವಳಿಗೆ ಸುಲಭವಾಗಿದ್ದಿತು. ಅವಳು ಕೊಟ್ಟ ಮನೆಯ ಪರವಾಗಿ ನಿಂತು, ತೊಕುಗಾವ ಮನೆತನವನ್ನು ಉಳಿಸಿಕೊಡಬೇಕೆಂದು ಬೇಡಿಕೊಂಡು ಪತ್ರ ಬರೆದಳು. ಮನೆತನ ಉಳಿಯಿತು. 1877ರಲ್ಲಿ ಮೂವತ್ತೊಂದನೆಯ ವಯಸ್ಸಿನಲ್ಲಿ ಅವಳು ತೀರಿಕೊಂಡಾಗ, ಅವಳ ಇಚ್ಛೆಯಂತೆ ಗಂಡನ ಸಮಾಧಿಯ ಪಕ್ಕದಲ್ಲಿಯೇ ಮಣ್ಣು ಮಾಡಿದರು. ಅದಾದ ಹದಿನಾರು ವರ್ಷದ ಮೇಲೆ, ಅವಳು ಬಿಟ್ಟುಹೋಗಿದ್ದ ಮನೆ ಶೋಗುನ್‌ಗಳ ಕೋಟೆಯೊಳಕ್ಕೆ ಬಂದಿತು.

ಒಳಕೋಟೆಯ ನೈಋತ್ಯ ಮೂಲೆಯಲ್ಲಿ, ಸುಟ್ಟುಹೋದ ಗೋಪುರದ ಕಲ್ಲಿನ ಜಗಲಿ ಉಳಿದಿದೆ. ಹತ್ತಿ ನಿಂತರೆ ಕೋಟೆಯೆಲ್ಲ ಕಾಣುತ್ತದೆ, ಊರನ್ನು ಸುತ್ತಿದ ಬೆಟ್ಟಗಳೂ ಕಾಣುತ್ತವೆ. ಶರತ್ಕಾಲ ಇಲ್ಲಿಂದ ಪೂರ್ತಿ ಕಣ್ಣಿಗೆ ಬಿದ್ದಿತು. ಮೊಮಿಜಿ ಎಂಬ ಮೇಪಲ್ ಮರದ ಎಲೆ ಮಗುವಿನ ಅಂಗೈಯಷ್ಟು. ಒಂದೇ ಮರದಲ್ಲಿ ಬುಡದ ಕೊಂಬೆ ಹಸುರು, ನಡುವೆ ಹಳದಿ, ತುದಿ ಕುಂಕುಮ. ಗಿಂಕೋ ಮರದ್ದು ಬೀಸಣಿಗೆಯ ಆಕಾರದ ಎಲೆ, ಶುದ್ಧ ಅರಿಸಿನದ ಬಣ್ಣ. ಮಾಗಿಯಲ್ಲಿ ಎಲೆ ಕಂದಿ ಉದುರುವುದನ್ನು ನಾವೂ ಕಂಡವರೇ. ಆದರೆ ಉದುರುವ ಮುಂಚೆ ಹೀಗೆ ಹಬ್ಬ ಮಾಡುವುದನ್ನು ಕಂಡಿರಲಿಲ್ಲ. ಈ ಬಣ್ಣ ನೋಡಲೆಂದೇ ಜಪಾನೀಯರು ರಜೆ ಹಾಕಿ, ಅಜ್ಜಿ ತಾತಂದಿರನ್ನು ಕೈಗಾಡಿಯಲ್ಲಿ ಕೂಡಿಸಿಕೊಂಡು ಬರುತ್ತಾರೆ.

ಉತ್ತರದ ಕಡೆಗೆ ಸೈರ್ಯು ಎಂಬ ಹೊಸ ಉದ್ಯಾನವುಂಟು, 1965ರಲ್ಲಿ ಮಾಡಿದ್ದು. ಅರ್ಧ ಜಪಾನೀ ಕೊಳ, ಅರ್ಧ ಪಾಶ್ಚಾತ್ಯ ಹುಲ್ಲುಹಾಸು. ಮಹಾಯುದ್ಧದ ಅನಂತರ ಅಮೆರಿಕದ ಸೈನಿಕರು ಇದ್ದಾಗ ಈ ಜಾಗದಲ್ಲಿ ಟೆನ್ನಿಸ್ ಅಂಗಳವಿದ್ದಿತಂತೆ. ಉದ್ಯಾನ ನಮಗೆ ಅಷ್ಟೇನೂ ಹಿಡಿಸಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟಂತೆ ಕಂಡಿತು. ಆದರೆ ಮೊಮಿಜಿ ಮರಗಳು ಇಲ್ಲಿ ಯಥೇಷ್ಟ, ಕಾಲುದಾರಿಯ ಉದ್ದಕ್ಕೂ ಕೆಂಪು ಹಾಸಿದ್ದವು. ಮಗಳು ಒಂದು ಎಲೆಯನ್ನು ಆರಿಸಿ, ಅದಕ್ಕಿಂತ ಒಳ್ಳೆಯದು ಸಿಕ್ಕಿತೆಂದು ಅದನ್ನು ಬಿಸುಟು, ಹೀಗೆಯೇ ಅರ್ಧ ಗಂಟೆ ಕಳೆದಳು.

ನಾಲ್ಕೂವರೆಯ ಹೊತ್ತಿಗೆ ಬಿಸಿಲು ಇಳಿಯಿತು, ಚಳಿ ಶುರುವಾಯಿತು. ನಿನೋಮಾರುವಿನ ಗೋಡೆಯ ಬಳಿ ಮಾಲಿಗಳು ಬಿದಿರಿನ ಪೊರಕೆ ಹಿಡಿದು ಎಲೆ ಗುಡಿಸುತ್ತಿದ್ದರು. ಗುಡಿಸಿ ಬುಟ್ಟಿಗೆ ತುಂಬಿ ಮುಂದೆ ಹೋದೊಡನೆ ಹಿಂದಿನಿಂದ ಗಾಳಿ ಇನ್ನಷ್ಟು ತಂದು ಸುರಿಯುತ್ತಿದ್ದಿತು. ಅವರು ತಿರುಗಿ ನೋಡಲೂ ಇಲ್ಲ. ಐದಕ್ಕೆ ಬಾಗಿಲು ಮುಚ್ಚುವ ಸೂಚನೆಯಾಗಿ ಧ್ವನಿವರ್ಧಕದಲ್ಲಿ ಸಂಗೀತ ಕೇಳಿಬಂದಿತು. ಪೂರ್ವದ ಹೆಬ್ಬಾಗಿಲಿನಿಂದ ಹೊರಬಿದ್ದು, ರಸ್ತೆ ದಾಟಿ, ನಿಲ್ದಾಣದ ಮೆಟ್ಟಿಲಿಳಿದೆವು.